ಸ್ಟಿಕ್ಕರ್ ಇದೆ, ಜಾಗ ಇಲ್ಲ: ಕಾಲೇಜು ಪಾರ್ಕಿಂಗ್ ಲೆಕ್ಕ ಎಲ್ಲಿ ತಪ್ಪುತ್ತದೆ?

ಬೆಳಿಗ್ಗೆ ಒಂಬತ್ತು ಹತ್ತು. ಮೊದಲ ಪೀರಿಯಡ್ ಒಂಬತ್ತೂ ಕಾಲಿಗೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಹೆಡ್‌ಲೈಟ್ ಮೇಲಿನ ಸ್ಟಿಕ್ಕರ್ ನೋಡಿ ಗಾಡಿ ಒಳಗೆ ಬಿಡುತ್ತಾರೆ. ಒಳಗೆ ಬಂದ ವಿದ್ಯಾರ್ಥಿ ಶೆಡ್ಡಿಗೆ ಒಂದು ಸುತ್ತು, ಕ್ಯಾಂಟೀನ್ ಹಿಂಭಾಗಕ್ಕೆ ಇನ್ನೊಂದು ಸುತ್ತು ಹೊಡೆದು, ಕೊನೆಗೆ ಲ್ಯಾಬ್ ಬ್ಲಾಕಿನ ರ‍್ಯಾಂಪಿಗೆ ಅಡ್ಡಲಾಗಿ ಗಾಡಿ ನಿಲ್ಲಿಸಿ ಓಡುತ್ತಾನೆ. ಹನ್ನೊಂದಕ್ಕೆ ಬಂದು ನೋಡಿದರೆ ಚಕ್ರಕ್ಕೆ ಸರಪಳಿ ಬಿದ್ದಿದೆ. ದಂಡ ಕಟ್ಟಿ ಬಿಡಿಸಿಕೊಳ್ಳಬೇಕೆಂಬ ಚೀಟಿ ಸೀಟಿಗೆ ಅಂಟಿದೆ.

ರ‍್ಯಾಂಪಿಗೆ ಅಡ್ಡ ನಿಲ್ಲಿಸಿದ್ದು ತಪ್ಪೇ. ಗಾಲಿಕುರ್ಚಿಯಲ್ಲಿ ಬರುವವರಿಗೆ ಇರುವುದು ಅದೊಂದೇ ದಾರಿ. ಆದರೆ ವರ್ಷದ ದುಡ್ಡು ಕಟ್ಟಿಸಿಕೊಂಡು ಸ್ಟಿಕ್ಕರ್ ಕೊಟ್ಟವರು ಅದಕ್ಕೆ ತಕ್ಕ ಜಾಗ ಇಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. ಈ ಜಗಳ ಹುಟ್ಟಿದ್ದು ಒಂಬತ್ತು ಹತ್ತಕ್ಕಲ್ಲ, ಅಡ್ಮಿಷನ್ ಸಮಯದಲ್ಲಿ ಅರ್ಜಿ ಹಾಕಿದವರಿಗೆಲ್ಲ ಸ್ಟಿಕ್ಕರ್ ಬರೆದುಕೊಟ್ಟ ದಿನ. ನಮ್ಮ ಬಹುತೇಕ ಕಾಲೇಜುಗಳಲ್ಲಿ ಪಾರ್ಕಿಂಗ್ ಪಾಸನ್ನು ಐಡಿ ಕಾರ್ಡಿನ ಹಾಗೆ ಹಂಚುತ್ತಾರೆ: ದಾಖಲೆ ಸರಿಯಿದ್ದರೆ ಸಾಕು, ಸಿಕ್ಕಿತು. ಐಡಿ ಕಾರ್ಡನ್ನು ಎಷ್ಟು ಬೇಕಾದರೂ ಅಚ್ಚು ಹಾಕಿಸಬಹುದು. ಪಾಸಿನ ಹಿಂದೆ ಮಾತ್ರ ಸುಮಾರು ಮೂರು ಚದರ ಮೀಟರ್ ನೆಲ ಇರಬೇಕು, ಅದೂ ಬೆಳಗಿನ ಆ ಒಂದು ಗಂಟೆಯಲ್ಲಿ ಖಾಲಿ ಇರಬೇಕು.

ಮೊದಲು ನೆಲ ಅಳೆಯಬೇಕು

ಹೋಂಡಾ ಆ್ಯಕ್ಟಿವಾ ಸುಮಾರು 1.83 ಮೀಟರ್ ಉದ್ದ, 0.70 ಮೀಟರ್ ಅಗಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಎರಡು ಮೀಟರಿಗಿಂತ ಉದ್ದ, ಹ್ಯಾಂಡಲ್ ಅಗಲ ಹತ್ತಿರ ಹತ್ತಿರ 0.80 ಮೀಟರ್. ಎರಡೂ ಒಂದೇ ಸಾಲಿನಲ್ಲಿ ನಿಲ್ಲುವ ಕಡೆ ಒಂದು ಗಾಡಿಗೆ 0.9 ಮೀಟರ್ ಅಗಲ, 2 ಮೀಟರ್ ಉದ್ದ ಹಿಡಿದರೆ ಅಕ್ಕಪಕ್ಕದವರಿಗೆ ತಗುಲದೆ ತೆಗೆಯಬಹುದು. ಎರಡು ಸಾಲಿನ ನಡುವೆ ಗಾಡಿ ತಿರುಗಿಸಲು ಕನಿಷ್ಠ 2 ಮೀಟರ್ ಓಣಿ ಬೇಕು. ಓಣಿಯ ಪಾಲನ್ನೂ ಸೇರಿಸಿದರೆ ತಲಾ 2.7 ಚದರ ಮೀಟರ್ ಆಗುತ್ತದೆ. ಮರ, ಚರಂಡಿ, ಶೆಡ್ಡಿನ ಕಂಬಗಳಿಗೆ ಹೋಗುವ ಜಾಗ ಸೇರಿ 3 ಎಂದು ಇಟ್ಟುಕೊಳ್ಳುವುದು ಕ್ಷೇಮ.

ಕಾರಿನ ಲೆಕ್ಕ ಬೇರೆ. ನಿಲ್ಲುವ ಚೌಕ 2.5 ಮೀಟರ್ × 5 ಮೀಟರ್ ಇದ್ದರೂ, ಬಂದು ಹೋಗುವ ದಾರಿ ಸೇರಿ ಬಯಲು ಪಾರ್ಕಿಂಗಿನಲ್ಲಿ ಒಂದು ಕಾರಿಗೆ ಸುಮಾರು 23 ಚದರ ಮೀಟರ್ ಬೇಕು ಎಂಬುದು ನಗರ ಯೋಜಕರು ಬಳಸುವ ಅಳತೆ. ಬೇಸ್‌ಮೆಂಟ್ ಆದರೆ ಇಳಿಜಾರು, ಕಂಬ ಎಲ್ಲ ಸೇರಿ 32ಕ್ಕೆ ಏರುತ್ತದೆ. ಹಾಗಾಗಿ ಇಪ್ಪತ್ತು ಕಾರುಗಳಿಗೆ ಜಾಗ ಕೊಡುವುದೆಂದರೆ 460 ಚದರ ಮೀಟರ್, ಅಂದರೆ ಸುಮಾರು 150 ದ್ವಿಚಕ್ರ ವಾಹನಗಳ ಜಾಗ ಕೊಟ್ಟಂತೆ. ಮುಖ್ಯ ಕಟ್ಟಡದ ಮುಂದಿನ ಇಪ್ಪತ್ತು ಕಾರುಗಳು ಯಾರ ಕಣ್ಣಿಗೂ ಹೆಚ್ಚೆನಿಸುವುದಿಲ್ಲ. ಆದರೆ ಹಿಂದಿನ ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ನಿಂತಿರುವ 150 ಬೈಕುಗಳಿಗೂ ಈ ಇಪ್ಪತ್ತು ಕಾರುಗಳಿಗೂ ನೇರ ಸಂಬಂಧವಿದೆ.

ಗೆರೆ ಎಳೆಯದಿದ್ದರೆ ಎಷ್ಟು ನಷ್ಟ ಎಂಬುದನ್ನು ಒಂದೇ ಸಾಲು ತೆಗೆದುಕೊಂಡು ನೋಡೋಣ. 30 ಮೀಟರ್ ಉದ್ದದ ಶೆಡ್ಡು. 0.9 ಮೀಟರಿಗೆ ಒಂದು ಗೆರೆ ಇದ್ದರೆ 33 ಗಾಡಿ ಹಿಡಿಯುತ್ತವೆ. ಗೆರೆಯಿಲ್ಲದೆ ಒಬ್ಬರು ಓರೆಯಾಗಿ, ಇನ್ನೊಬ್ಬರು ಸೈಡ್ ಸ್ಟ್ಯಾಂಡ್ ಹಾಕಿ ವಾಲಿಸಿ ನಿಲ್ಲಿಸಿ, ಒಂದೊಂದಕ್ಕೆ 1.25 ಮೀಟರ್ ಹೋದರೆ 24. ಒಂಬತ್ತು ಗಾಡಿಗಳ ಜಾಗ ಹೀಗೆ ಗೆರೆಯಿಲ್ಲದೆಯೇ ಹೋಯಿತು. ಇಂಥ ಹತ್ತು ಸಾಲು ಇರುವ ಕಾಲೇಜು ಹೊಸ ಶೆಡ್ಡಿಗೆ ಅನುದಾನ ಕೇಳುವ ಮೊದಲು ಬಣ್ಣದ ಡಬ್ಬಿ ತರಿಸಬೇಕು.

ಬಣ್ಣದಲ್ಲೂ ಒಂದು ಮಾತಿದೆ. ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ರಸ್ತೆಗೆ ಬಳಿಯುವ ಬಣ್ಣ ತಡೆಯುತ್ತದೆ. ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಾಸುತ್ತದೆ. ಅಲ್ಲಿ ಬೇರೆ ಬಣ್ಣದ ಇಟ್ಟಿಗೆಯನ್ನೇ ಗೆರೆಯಾಗಿ ಕೂರಿಸುವುದು ಲೇಸು. ಬರೀ ಮಣ್ಣಿನ ನೆಲದಲ್ಲಿ ಸುಣ್ಣದ ಗೆರೆ ವಾರವೂ ನಿಲ್ಲುವುದಿಲ್ಲ, ನೆಲಮಟ್ಟಕ್ಕೆ ಹೂತ ಕಲ್ಲಿನ ಸಾಲೇ ಆಗಬೇಕು. ಮಣ್ಣಿನ ನೆಲಕ್ಕೆ ಇನ್ನೊಂದು ಕಾಟ: ಜೂನ್–ಜುಲೈ ಮಳೆಗೆ ಸೈಡ್ ಸ್ಟ್ಯಾಂಡ್ ಹೂತುಕೊಂಡು ಒಂದು ಗಾಡಿ ವಾಲಿದರೆ ಸಾಲಿಗೆ ಸಾಲೇ ಮಲಗುತ್ತದೆ, ಕನ್ನಡಿ, ಬ್ರೇಕ್ ಲಿವರ್ ಮುರಿಯುತ್ತವೆ. ಡಬಲ್ ಸ್ಟ್ಯಾಂಡ್ ಹಾಕಲೇಬೇಕೆಂಬ ನಿಯಮ ಇರುವುದು ಇದಕ್ಕೆ. ಈಗಿನ ಹಲವು ಬೈಕುಗಳಿಗೆ ಡಬಲ್ ಸ್ಟ್ಯಾಂಡೇ ಇರುವುದಿಲ್ಲವಾದ್ದರಿಂದ, ಸ್ಟ್ಯಾಂಡ್ ಊರುವ ಕಡೆ ಉದ್ದಕ್ಕೂ ಒಂದು ಸಾಲು ಕಲ್ಲು ಹಾಸುವುದು ಹೆಚ್ಚು ಪ್ರಯೋಜನಕಾರಿ. ಮಳೆಮರದಂಥ ದೊಡ್ಡ ಮರಗಳ ಕೆಳಗೆ ಸಾಲು ಹಾಕುವುದಿದ್ದರೆ ಮಾರ್ಚ್‌ನಲ್ಲೇ ಒಣ ಕೊಂಬೆ ಕಡಿಸಬೇಕು. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬೀಳುವುದು ಗಾಡಿ ಮೇಲೆ ಮಾತ್ರ ಅಂತಲ್ಲ.

ಎಷ್ಟು ಸ್ಟಿಕ್ಕರ್ ಕೊಡಬಹುದು?

ಜಾಗ ಇದ್ದಷ್ಟೇ ಸ್ಟಿಕ್ಕರ್ ಕೊಟ್ಟರೆ ದಿನವೂ ಜಾಗ ಖಾಲಿ ಬಿದ್ದಿರುತ್ತದೆ, ಯಾಕೆಂದರೆ ಎಲ್ಲರೂ ಎಲ್ಲ ದಿನ ಬರುವುದಿಲ್ಲ. ಕೇಳಿದಷ್ಟು ಕೊಟ್ಟರೆ ಮೇಲೆ ಹೇಳಿದ ಸರಪಳಿಯ ಕತೆ. ಸರಿಯಾದ ಸಂಖ್ಯೆ ಸಿಗಬೇಕಾದರೆ ಎಣಿಸಲೇಬೇಕು.

ಎಣಿಕೆಗೆ ಪರೀಕ್ಷೆ, ಫೆಸ್ಟ್, ಸಾಲುರಜೆ ಯಾವುದೂ ಇಲ್ಲದ ವಾರ ಆರಿಸಿ, ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನ ಸಾಕು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕೂವರೆವರೆಗೆ ಗಂಟೆಗೊಮ್ಮೆ ಇಬ್ಬರು ಸುತ್ತಿ, ನಿಂತ ಪ್ರತಿ ಗಾಡಿಯ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಬೇಕು. ಬರೀ ಒಟ್ಟು ಸಂಖ್ಯೆ ಬರೆದರೆ ಪ್ರಯೋಜನವಿಲ್ಲ. ಅಂಕಿ ಇದ್ದರೆ ಯಾವ ಗಾಡಿ ಇಡೀ ದಿನ ನಿಲ್ಲುತ್ತದೆ, ಯಾವುದು ಎರಡೇ ಗಂಟೆ ನಿಂತು ಹೋಗುತ್ತದೆ, ಯಾವುದು ಮೂರೂ ದಿನ ಅಲ್ಲಾಡಿಲ್ಲ ಎಂಬುದು ತಿಳಿಯುತ್ತದೆ. ಗೇಟಿನಿಂದ ಮುನ್ನೂರು ಮೀಟರ್‌ವರೆಗೆ ಹೊರಗಿನ ರಸ್ತೆಯಲ್ಲಿ ನಿಂತಿರುವುದನ್ನೂ ಎಣಿಸಬೇಕು. ಅದನ್ನು ಬಿಟ್ಟ ಎಣಿಕೆ ಅರ್ಧ ಎಣಿಕೆ.

ಎರಡು ಪಾಳಿಯ ಪದವಿ ಕಾಲೇಜುಗಳಲ್ಲಿ ನಿಜವಾದ ಇಕ್ಕಟ್ಟು ಬೆಳಿಗ್ಗೆ ಒಂಬತ್ತಕ್ಕಿಂತ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ಬರುತ್ತದೆ. ಬೆಳಗಿನ ಬ್ಯಾಚಿನವರು ಇನ್ನೂ ಹೋಗಿರುವುದಿಲ್ಲ, ಮಧ್ಯಾಹ್ನದ ಲ್ಯಾಬಿನವರು ಆಗಲೇ ಬಂದಿರುತ್ತಾರೆ. ಇಲ್ಲಿ ಶೆಡ್ಡು ಕಟ್ಟಿಸುವುದಕ್ಕಿಂತ ಟೈಮ್‌ಟೇಬಲ್‌ನಲ್ಲಿ ಅರ್ಧ ಗಂಟೆ ಅಂತರ ಇಡುವುದು ಅಗ್ಗ. ಆದರೆ ಪಾರ್ಕಿಂಗ್ ನೋಡಿಕೊಳ್ಳುವ ದೈಹಿಕ ಶಿಕ್ಷಣ ನಿರ್ದೇಶಕರನ್ನೋ ಆಫೀಸ್ ಸೂಪರಿಂಟೆಂಡೆಂಟರನ್ನೋ ಟೈಮ್‌ಟೇಬಲ್ ಕಮಿಟಿಗೆ ಯಾರೂ ಕರೆಯುವುದಿಲ್ಲ.

ಇನ್ನು ಲೆಕ್ಕ. 40 × 30 ಮೀಟರಿನ ಬಯಲು, 1,200 ಚದರ ಮೀಟರ್. ಕಾಗದದ ಮೇಲೆ 400 ಗಾಡಿ. ಗೇಟು, ತಿರುವು ಕಳೆದು 340 ಎನ್ನೋಣ. ಅದರಲ್ಲಿ ಹತ್ತನೇ ಒಂದು ಪಾಲು ಯಾವಾಗಲೂ ಖಾಲಿ ಇರಬೇಕು. ಪೂರ್ತಿ ತುಂಬಿದರೆ ಕೊನೆಗೆ ಬಂದವರು ಜಾಗ ಹುಡುಕುತ್ತ ಸುತ್ತುವುದೇ ದಟ್ಟಣೆಯಾಗುತ್ತದೆ. ಉಳಿದದ್ದು 306. ಇಕ್ಕಟ್ಟಿನ ಗಂಟೆಯಲ್ಲಿ ಸ್ಟಿಕ್ಕರ್ ಇರುವ ನೂರರಲ್ಲಿ 75 ಗಾಡಿ ಒಳಗಿರುತ್ತವೆ ಎಂದು ಎಣಿಕೆ ಹೇಳಿದರೆ, 306ನ್ನು 0.75ರಿಂದ ಭಾಗಿಸಿ: 408. ಅಷ್ಟು ಸ್ಟಿಕ್ಕರ್ ಧೈರ್ಯವಾಗಿ ಕೊಡಬಹುದು. 409ನೆಯವರ ಹೆಸರು ಕಾಯುವ ಪಟ್ಟಿಗೆ ಹೋಗಬೇಕು, ಆ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಕಾಣಬೇಕು. ಸೆಮಿಸ್ಟರ್ ಮಧ್ಯೆ ಕಾಲೇಜು ಬಿಟ್ಟವರ, ಗಾಡಿ ಮಾರಿದವರ ಸ್ಟಿಕ್ಕರ್ ರದ್ದಾದಾಗ ಪಟ್ಟಿ ಮುಂದಕ್ಕೆ ಸರಿಯುತ್ತದೆ. ಮೊದಲ ವರ್ಷ 75 ಎಂಬುದು ಅಂದಾಜಾಗಿದ್ದರೂ ಎರಡನೇ ಸೆಮಿಸ್ಟರಿನಲ್ಲಿ ಮತ್ತೆ ಎಣಿಸಿ ತಿದ್ದಿಕೊಳ್ಳಬಹುದು.

ಯಾರಿಗೆ ಮೊದಲು?

ಈ ಪ್ರಶ್ನೆಯನ್ನು ಹೆಚ್ಚಿನ ಕಾಲೇಜುಗಳು ಕೇಳುವುದೇ ಇಲ್ಲ. ಮೊದಲು ಬಂದವರಿಗೆ, ಇಲ್ಲವೇ ಫೈನಲ್ ಇಯರ್‌ನವರಿಗೆ ಎಂದು ಮುಗಿಸುತ್ತಾರೆ. ಇವೆರಡೂ ಅನುಕೂಲದ ನಿಯಮಗಳು, ನ್ಯಾಯದ ನಿಯಮಗಳಲ್ಲ. ಕಾಲೇಜಿನಿಂದ ಒಂದೂವರೆ ಕಿಲೋಮೀಟರ್ ದೂರದ ಪಿಜಿಯಲ್ಲಿರುವ ಫೈನಲ್ ಇಯರ್ ವಿದ್ಯಾರ್ಥಿಗಿಂತ, ಬೆಳಿಗ್ಗೆ ಒಂದೇ ಬಸ್ಸು ಬರುವ ಹಳ್ಳಿಯಿಂದ ಬರುವ ಮೊದಲ ವರ್ಷದವಳಿಗೆ ಆ ಜಾಗ ಹೆಚ್ಚು ಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಾಗಾಗಿ ‘ಹುಡುಗಿಯರಿಗೆ ಬಸ್ಸು ಫ್ರೀ ಇದೆಯಲ್ಲ, ಗಾಡಿ ಯಾಕೆ?’ ಎಂಬ ಮಾತು ಪಾಸ್ ಕೊಡುವ ಮೇಜಿನ ಹಿಂದಿನಿಂದ ಸುಲಭವಾಗಿ ಬರುತ್ತದೆ. ಪ್ರಯಾಣ ಉಚಿತವಾಗಿರುವುದು ಬೇರೆ, ಬಸ್ಸು ಇರುವುದು ಬೇರೆ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ದಾರಿಗಳಲ್ಲಿ ಓಡುವುದೇ ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಸಂಜೆ ಲ್ಯಾಬ್ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುವುದೂ ಉಂಟು. ಅರ್ಜಿಯಲ್ಲಿ ಕೇಳಬೇಕಾದ್ದು ಇದನ್ನೇ: ಮನೆಯಿಂದ ದೂರ ಎಷ್ಟು, ಹತ್ತಿರದ ಬಸ್ ನಿಲ್ದಾಣ ಯಾವುದು, ಮೊದಲ ತರಗತಿಗೆ ಮುಟ್ಟಿಸುವ ಬಸ್ಸು ಎಷ್ಟು ಗಂಟೆಗೆ, ಕೊನೆಯ ತರಗತಿಯ ನಂತರದ ಬಸ್ಸು ಎಷ್ಟಕ್ಕೆ, ತರಗತಿ ಮುಗಿದ ಮೇಲೆ ನೇರ ಕೆಲಸಕ್ಕೆ ಹೋಗುವವರೇ? ಕೊನೆಯ ಪ್ರಶ್ನೆ ಮುಖ್ಯ. ಸಂಜೆ ಅಂಗಡಿಯಲ್ಲೋ ಡೆಲಿವರಿಯಲ್ಲೋ ದುಡಿದು ಫೀಸು ಕಟ್ಟುವವರಿಗೆ ಗಾಡಿ ಶೋಕಿಯಲ್ಲ. ಎರಡು ಕಿಲೋಮೀಟರ್ ಒಳಗಿನವರಿಗೆ ವೈದ್ಯಕೀಯ ಕಾರಣವಿದ್ದರೆ ಮಾತ್ರ ಪಾಸ್ ಎಂದರೆ ಯಾರಿಗೂ ಅನ್ಯಾಯವಾಗದು. ಅವರಿಗೆ ಸೈಕಲ್ ಸ್ಟ್ಯಾಂಡ್ ಚೆನ್ನಾಗಿರಲಿ, ಮೇಲೊಂದು ಸೂರು, ಚೈನ್ ಹಾಕಿ ಬೀಗ ಜಡಿಯಲು ನೆಲಕ್ಕೆ ನೆಟ್ಟ ಕಂಬಿ ಇರಲಿ.

ಅಂಗವಿಕಲರ ಜಾಗ ಈ ಸ್ಪರ್ಧೆಯೊಳಗೆ ಬರುವುದೇ ಇಲ್ಲ. ಅದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಕಡ್ಡಾಯ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯ ಪ್ರಕಾರ ಕಾರಿನ ಚೌಕ 3.6 × 5 ಮೀಟರ್ ಇರಬೇಕು, ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗಿರಬೇಕು. ಹೆಚ್ಚುವರಿ ಅಗಲ ಬಾಗಿಲು ಪೂರ್ತಿ ತೆಗೆದು ಗಾಲಿಕುರ್ಚಿಗೆ ಇಳಿಯಲು. ನಮ್ಮ ಕಾಲೇಜುಗಳಲ್ಲಿ ಕಾರಿಗಿಂತ ಹೆಚ್ಚು ಕಾಣುವುದು ಪಕ್ಕಚಕ್ರ ಜೋಡಿಸಿದ ಸ್ಕೂಟರು. ಸರ್ಕಾರವೇ ಹಂಚುವ ಈ ಗಾಡಿಗೆ 0.9 ಮೀಟರಿನ ಚೌಕ ಸಾಲದು, ಇಳಿಯುವ ಜಾಗ ಸೇರಿ ಅದರ ಎರಡು ಪಟ್ಟು ಇಡಬೇಕು. ಬೈಕು ನುಗ್ಗದಿರಲಿ ಎಂದು ಕಂಬಗಳನ್ನು ಒತ್ತಾಗಿ ನೆಟ್ಟು, ಇವರ ದಾರಿಯನ್ನೂ ಮುಚ್ಚಿಬಿಟ್ಟಿರುವ ಗೇಟುಗಳು ಬೇಕಾದಷ್ಟಿವೆ.

ದಾಖಲೆಯಲ್ಲಿ ಎಡವುವುದು ಎಲ್ಲಿ

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಕಾಲೇಜು ಐಡಿ: ಪಟ್ಟಿ ಎಲ್ಲರಿಗೂ ಗೊತ್ತು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದ ದಾಖಲೆಗೆ ಕಾನೂನಿನ ಮಾನ್ಯತೆ ಇದೆ. ಜೆರಾಕ್ಸ್ ಮೇಲೆ ಗೆಜೆಟೆಡ್ ಸಹಿ ಕೇಳುವುದು ವಿದ್ಯಾರ್ಥಿಯನ್ನು ಸುಮ್ಮನೆ ಅಲೆಸುವ ಕೆಲಸ.

ಎಡವಟ್ಟಾಗುವುದು ದಿನಾಂಕಗಳಲ್ಲಿ. ಎಲ್‌ಎಲ್‌ಗೆ, ಅಂದರೆ ಲರ್ನರ್ ಲೈಸೆನ್ಸಿಗೆ, ಆರು ತಿಂಗಳ ಆಯುಸ್ಸು. ಜುಲೈನಲ್ಲಿ ಎಲ್‌ಎಲ್ ತೋರಿಸಿ ಇಡೀ ವರ್ಷದ ಸ್ಟಿಕ್ಕರ್ ಪಡೆದವರು ಜನವರಿಯ ಹೊತ್ತಿಗೆ ಲೈಸೆನ್ಸೇ ಇಲ್ಲದೆ ಓಡಿಸುತ್ತಿರಬಹುದು, ಕಾಲೇಜಿನ ಮುದ್ರೆ ಮಾತ್ರ ಹೆಡ್‌ಲೈಟ್ ಮೇಲೆ ಇರುತ್ತದೆ. ಎಲ್‌ಎಲ್ ಇರುವವರಿಗೆ ಅದು ಮುಗಿಯುವ ದಿನದವರೆಗಷ್ಟೇ ತಾತ್ಕಾಲಿಕ ಪಾಸ್ ಕೊಟ್ಟು, ಡಿಎಲ್ ತಂದ ದಿನ ಬದಲಿಸಬೇಕು. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದರೆ ತೊಂದರೆಯಿಲ್ಲ, ಒಪ್ಪಿಗೆ ಪತ್ರ ಸಾಕು. ಸೆಕೆಂಡ್ ಹ್ಯಾಂಡ್ ಕೊಂಡು ಹೆಸರು ವರ್ಗಾಯಿಸದೆ ಓಡಿಸುತ್ತಿದ್ದರೆ ಮಾತ್ರ ಮೊದಲು ಆರ್‌ಟಿಒ ಕೆಲಸ ಮುಗಿಸಿ ಬರಲಿ ಎನ್ನಬೇಕು. ಕಳುವಾದರೂ ಅಪಘಾತವಾದರೂ ಕಾಗದದ ಮಾಲೀಕನೇ ಮಾಲೀಕ.

ಪಿಯು ಮತ್ತು ಪದವಿ ಒಂದೇ ಆವರಣದಲ್ಲಿರುವ ಸಂಸ್ಥೆಗಳು ನಿಜಕ್ಕೂ ಹೆದರಬೇಕಾದ ವಿಷಯ ಇನ್ನೊಂದಿದೆ. ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವರು 50 ಸಿಸಿ ಮೀರಿದ ಬೈಕು, ಸ್ಕೂಟರು ಓಡಿಸುವಂತಿಲ್ಲ. ಆ್ಯಕ್ಟಿವಾ 110 ಸಿಸಿ ಆಸುಪಾಸಿನದು, ಟಿವಿಎಸ್ ಎಕ್ಸ್‌ಎಲ್ 100 ಹೆಸರೇ ಹೇಳುವಂತೆ 50ಕ್ಕೆ ಮೇಲಿನದು. ಅಂದರೆ ಪಿಯು ವಿದ್ಯಾರ್ಥಿ ಮನೆಯಿಂದ ತರುವ ಪೆಟ್ರೋಲ್ ಗಾಡಿ ಸಾಮಾನ್ಯವಾಗಿ ಕಾನೂನಿನ ಹೊರಗೇ ಇರುತ್ತದೆ. 2019ರಲ್ಲಿ ಸೇರಿದ 199ಎ ಸೆಕ್ಷನ್ ಅಡಿ ಹೆತ್ತವರಿಗೆ ಅಥವಾ ಮಾಲೀಕರಿಗೆ 25,000 ರೂ. ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಓಡಿಸಿದವರಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಂಥವರಿಗೆ ಪಾಸ್ ಬರೆದುಕೊಟ್ಟ ಕಾಲೇಜು ‘ನಮಗೆ ಗೊತ್ತಿರಲಿಲ್ಲ’ ಎನ್ನಲಾಗದು, ವಹಿಯಲ್ಲೇ ಜನ್ಮದಿನಾಂಕ ಇರುತ್ತದೆ. ಪಾಸ್ ಕೊಡದೆ ಕಣ್ಣು ಮುಚ್ಚಿಕೊಂಡರೂ ಆಗಲಿಲ್ಲ. ಮಗು ಗಾಡಿಯನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುತ್ತದೆ. ಮೊದಲ ಪಾಲಕರ ಸಭೆಯಲ್ಲೇ 25,000ದ ಮಾತನ್ನು ಬಿಡಿಸಿ ಹೇಳಿ, ಆ ಊರಿನ ಬಸ್ ಡಿಪೊಗೆ ತರಗತಿಯ ಸಮಯಪಟ್ಟಿ ಸಮೇತ ಪತ್ರ ಬರೆಯುವುದು ಗೇಟಿನಲ್ಲಿ ಮಕ್ಕಳನ್ನು ತಡೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟ್ ಒಳಗಿನ ಎಲೆಕ್ಟ್ರಿಕ್ ಸ್ಕೂಟರಿಗೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಹಾಗಾಗಿ ಅದಕ್ಕೆ ನಂಬರ್ ಪ್ಲೇಟೇ ಇಲ್ಲ, ಅರ್ಜಿ ನಮೂನೆಯ ಆರ್‌ಸಿ ಕಾಲಂ ಖಾಲಿ, ಗುಮಾಸ್ತರು ವಾಪಸ್ ಕಳಿಸುತ್ತಾರೆ. ಚಾಸಿ ನಂಬರನ್ನೂ ಖರೀದಿ ಬಿಲ್ಲನ್ನೂ ಪಡೆದು ಪಾಸ್ ಕೊಟ್ಟರೆ ಮುಗಿಯಿತು. ಬ್ಯಾಟರಿ ಬಿಚ್ಚಿ ಹಾಸ್ಟೆಲ್ ರೂಮಿಗೆ ಒಯ್ದು ಮಂಚದ ಕೆಳಗೆ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಚಾರ್ಜಿಗೆ ಹಾಕಲು ಮಾತ್ರ ಎಂದೂ ಬಿಡಬಾರದು. ರಾತ್ರಿ ಬೆಂಕಿ ಹತ್ತಿದರೆ ಓಡಲು ಇರುವುದು ರೂಮಿನ ಅದೊಂದೇ ಬಾಗಿಲು. ಕಟ್ಟಡದಿಂದ ದೂರ, ಗಾಳಿಯಾಡುವ ಶೆಡ್ಡಿನಲ್ಲಿ 16 ಆ್ಯಂಪಿಯರ್ ಪ್ಲಗ್ಗುಗಳು, ಪ್ರತಿ ಪ್ಲಗ್ಗಿಗೂ ಎಂಸಿಬಿ (ಲೋಡು ಹೆಚ್ಚಾದರೆ ಕರೆಂಟು ಕಡಿಯುವ ಸ್ವಿಚ್), ಇಡೀ ಸಾಲಿಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್), ಬೇರೆ ಮೀಟರು: ಇಷ್ಟನ್ನು ಒದಗಿಸಿದ ಮೇಲೆಯೇ ಹಾಸ್ಟೆಲ್ಲಿನಲ್ಲಿ ನಿಷೇಧ ಹಾಕಿದರೆ ಅದು ನಡೆಯುತ್ತದೆ.

ಸ್ಟಿಕ್ಕರ್ ಹೇಗಿರಬೇಕು

ಗೇಟಿನಲ್ಲಿ ಎರಡು ಸೆಕೆಂಡಿನಲ್ಲಿ ಓದಲು ಆಗದ ಸ್ಟಿಕ್ಕರ್ ಇದ್ದೂ ಇಲ್ಲದಂತೆ. ಐದಾರು ಸೆಂಟಿಮೀಟರ್ ಅಗಲ, ವರ್ಷಕ್ಕೊಂದು ಬಣ್ಣ, ದೊಡ್ಡದಾಗಿ ಸಾಲಿನ ಅಕ್ಷರ, ಅದರ ಕೆಳಗೆ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ. ನಾಲ್ಕು ಅಂಕಿ ಇದ್ದರೆ ಕಿತ್ತು ಗೆಳೆಯನ ಗಾಡಿಗೆ ಅಂಟಿಸುವಂತಿಲ್ಲ. ಕಿತ್ತರೆ ಚೂರುಚೂರಾಗುವ ವಿನೈಲ್ ಹಾಳೆ ಸಿಗುತ್ತದೆ, ಅದನ್ನೇ ಬಳಸಬೇಕು. ಹೆಸರು, ವಿಭಾಗ, ಮೊಬೈಲ್ ನಂಬರ್ ಸ್ಟಿಕ್ಕರ್ ಮೇಲೆ ಅಚ್ಚು ಹಾಕುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಇದನ್ನು ಇವತ್ತೇ ನಿಲ್ಲಿಸಬೇಕು. ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಯಾರಿಗೋ ಒಬ್ಬ ಹುಡುಗಿಯ ಹೆಸರು, ತರಗತಿ, ಫೋನ್ ನಂಬರನ್ನು ಕಾಲೇಜೇ ಕೊಟ್ಟಂತಾಗುತ್ತದೆ. ಆ ವಿವರ ಆಫೀಸಿನ ವಹಿಯಲ್ಲಿದ್ದರೆ ಸಾಕು.

ಆರ್‌ಎಫ್‌ಐಡಿ ಬೂಮ್ ಬ್ಯಾರಿಯರ್ (ಗಾಡಿಯ ಟ್ಯಾಗನ್ನು ರೇಡಿಯೊ ಸಂಕೇತದಿಂದ ಓದಿ ತಾನೇ ಏಳುವ ಅಡ್ಡಕಂಬ) ಮಾರುವವರು ಬಂದಾಗ ಒಂದು ಪ್ರಶ್ನೆ ಕೇಳಿ: ದ್ವಿಚಕ್ರಕ್ಕೆ ಏನು ಮಾಡುತ್ತೀರಿ? ಕಾರಿನ ಗಾಜಿನ ಒಳಗೆ ಅಂಟಿಸಿದ ಟ್ಯಾಗ್ ಚೆನ್ನಾಗಿ ಓದುತ್ತದೆ. ಅದೇ ಟ್ಯಾಗನ್ನು ಬೈಕಿನ ತಗಡಿಗೆ ಅಂಟಿಸಿದರೆ ಲೋಹ ಅದರ ಸಂಕೇತವನ್ನು ಕೆಡಿಸುತ್ತದೆ. ಸ್ಕೂಟರಿನ ಮುಂಭಾಗದ ಪ್ಲಾಸ್ಟಿಕ್ಕಿಗೆ ಹಾಕಬೇಕು ಅಥವಾ ಲೋಹದ ಮೇಲೆ ಕೆಲಸ ಮಾಡುವ ದುಬಾರಿ ಟ್ಯಾಗ್ ತರಬೇಕು. ಇದೆಲ್ಲ ಆದ ಮೇಲೂ ಒಂದು ಸಲ ಎದ್ದ ಕಂಬದ ಕೆಳಗೆ ಮೂರು ಬೈಕು ನುಗ್ಗಿ ಹೋಗುತ್ತವೆ. ಗಾಡಿಗಳಲ್ಲಿ ಹೆಚ್ಚಿನವು ದ್ವಿಚಕ್ರವಾಗಿರುವ ಕಾಲೇಜಿಗೆ ಕಣ್ಣಿಗೆ ಕಾಣುವ ಬಣ್ಣದ ಸ್ಟಿಕ್ಕರು ಮತ್ತು ಎಂಟೂವರೆಯಿಂದ ಒಂಬತ್ತೂವರೆವರೆಗೆ ಇನ್ನೊಬ್ಬ ಕಾವಲುಗಾರ, ಇದೇ ಒಳ್ಳೆಯ ಖರ್ಚು.

ದುಡ್ಡು, ದಂಡ, ಹೊಣೆ

ವರ್ಷಕ್ಕೊಮ್ಮೆ ಶುಲ್ಕ ಕಟ್ಟಿಸಿಕೊಳ್ಳುವುದು ಆಫೀಸಿಗೆ ಸುಲಭ. ಆದರೆ ವರ್ಷದ ದುಡ್ಡು ಕಟ್ಟಿದವರು ‘ಕಟ್ಟಿದ್ದೇನಲ್ಲ’ ಎಂದು ಬಸ್ಸಿಗೆ ಬರಬಹುದಾದ ದಿನವೂ ಗಾಡಿ ತರುತ್ತಾರೆ. ತಿಂಗಳ ಪಾಸು, ಜೊತೆಗೆ ಅಪರೂಪಕ್ಕೆ ತರುವವರಿಗೆ ದಿನದ ಟೋಕನ್ ಇಟ್ಟರೆ ಒತ್ತಡ ತಾನೇ ಇಳಿಯುತ್ತದೆ. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2000ನೇ ಇಸವಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿದ್ಯಾರ್ಥಿಗಳ ಸಿಟಿ ಬಸ್ ಪ್ರಯಾಣದ ಖರ್ಚನ್ನು ತಾನೇ ಬಸ್ ಸಂಸ್ಥೆಗೆ ಕೊಡತೊಡಗಿತು. ಹೊಸ ಪಾರ್ಕಿಂಗ್ ಕಟ್ಟಡಕ್ಕಿಂತ ಬಸ್ಸು ಅಗ್ಗ ಎಂಬುದು ಅಲ್ಲಿ ಅಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಅವರ ವಾದವಾಗಿತ್ತು. ಪಾರ್ಕಿಂಗ್ ದುಡ್ಡನ್ನು ನಮ್ಮಲ್ಲೂ ಕಾಲೇಜು ಬಸ್ಸಿನ ಇನ್ನೊಂದು ಟ್ರಿಪ್ಪಿಗೆ ಹಾಕಬಹುದು. ಸಂಗ್ರಹ ಎಷ್ಟಾಯಿತು, ಎಲ್ಲಿ ಖರ್ಚಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಬೋರ್ಡಿಗೆ ಹಾಕಿದರೆ ಕೊಡುವವರಿಗೂ ಸಮಾಧಾನ.

ದಂಡದ ವಿಷಯದಲ್ಲಿ ಕಾಲೇಜುಗಳು ತಮ್ಮ ಅಧಿಕಾರವನ್ನು ಹೆಚ್ಚಾಗಿ ಅಂದಾಜಿಸುತ್ತವೆ. ಮೋಟಾರು ವಾಹನ ಕಾಯ್ದೆಯ ದಂಡ ಹಾಕುವ ಅಧಿಕಾರ ಪೊಲೀಸರಿಗೂ ಸಾರಿಗೆ ಅಧಿಕಾರಿಗಳಿಗೂ ಇದೆ, ಪ್ರಿನ್ಸಿಪಾಲರಿಗಿಲ್ಲ. ಕಾಲೇಜು ಮಾಡಬಹುದಾದ್ದು ತಾನು ಕೊಟ್ಟ ಅನುಮತಿಯನ್ನು ಹಿಂಪಡೆಯುವುದು, ಅದೂ ಪಾಸ್ ಕೊಡುವಾಗಲೇ ಬರೆದು ಸಹಿ ಹಾಕಿಸಿಕೊಂಡ ನಿಯಮದ ಪ್ರಕಾರ. ಮೊದಲ ಸಲ ಬರಹದಲ್ಲಿ ಎಚ್ಚರಿಕೆ, ಎರಡನೇ ಸಲ ಹದಿನೈದು ದಿನ ಪಾಸ್ ಅಮಾನತು, ಮೂರನೇ ಸಲ ಆ ಸೆಮಿಸ್ಟರ್ ರದ್ದು: ಈ ಮೂರು ಮೆಟ್ಟಿಲು ಸಾಕು. ಟೈರಿನ ಗಾಳಿ ಬಿಡುವುದು, ಸ್ಪಾರ್ಕ್ ಪ್ಲಗ್ ಕೇಬಲ್ ಕೀಳುವುದು, ಪಾರ್ಕಿಂಗ್ ದಂಡಕ್ಕಾಗಿ ಹಾಲ್ ಟಿಕೆಟ್ ತಡೆಯುವುದು, ಇವು ಶಿಸ್ತಲ್ಲ. ಗಾಳಿ ಬಿಟ್ಟ ಗಾಡಿಯನ್ನು ಗೊತ್ತಿಲ್ಲದೆ ಓಡಿಸಿಕೊಂಡು ಹೋಗಿ ದಾರಿಯಲ್ಲಿ ಬಿದ್ದರೆ ಯಾರು ಹೊಣೆ? ರ‍್ಯಾಂಪ್, ಆಂಬುಲೆನ್ಸ್ ದಾರಿ, ಅಗ್ನಿಶಾಮಕ ವಾಹನಕ್ಕೆ ಬಿಡಬೇಕಾದ 6 ಮೀಟರ್ ದಾರಿ ಇವಕ್ಕೆ ಅಡ್ಡ ನಿಂತದ್ದನ್ನು ಮಾತ್ರ ತಕ್ಷಣ ಎತ್ತಿ ಪಕ್ಕಕ್ಕಿಡಬೇಕು. ಎತ್ತುವ ಮೊದಲು ಗಾಡಿ ಇದ್ದ ಸ್ಥಿತಿಯಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟರೆ ಆಮೇಲೆ ಕನ್ನಡಿ ಮುರಿದ ಜಗಳ ಇರುವುದಿಲ್ಲ.

‘ವಾಹನಗಳ ಸುರಕ್ಷತೆಗೆ ಮಾಲೀಕರೇ ಹೊಣೆ’ ಎಂಬ ಬೋರ್ಡು ಎಲ್ಲ ಶೆಡ್ಡಿನಲ್ಲೂ ತೂಗುತ್ತದೆ. ಆ ಬೋರ್ಡು ಎಲ್ಲ ಸಂದರ್ಭದಲ್ಲೂ ಕಾಯುವುದಿಲ್ಲ. ದೆಹಲಿಯ ತಾಜ್ ಮಹಲ್ ಹೋಟೆಲಿನಿಂದ 1998ರಲ್ಲಿ ಕಳುವಾದ ಕಾರಿನ ಪ್ರಕರಣದಲ್ಲಿ 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಗಾಡಿಯನ್ನು ತನ್ನ ವಶಕ್ಕೆ ತೆಗೆದುಕೊಂಡ ಮೇಲೆ ‘ಮಾಲೀಕರ ಹೊಣೆ’ ಎಂಬ ಷರತ್ತು ತೋರಿಸಿ ತನ್ನ ನಿರ್ಲಕ್ಷ್ಯದಿಂದ ತಪ್ಪಿಸಿಕೊಳ್ಳಲಾಗದು ಎಂದಿತು. ಅಲ್ಲಿ ಕೀ ಹೋಟೆಲಿನವರ ಕೈಯಲ್ಲಿತ್ತು. ಕಾಲೇಜಿನಲ್ಲಿ ಕೀ ವಿದ್ಯಾರ್ಥಿಯ ಜೇಬಿನಲ್ಲೇ ಇರುವುದರಿಂದ ಆ ತೀರ್ಪು ಹಾಗೇ ಅನ್ವಯಿಸುವುದಿಲ್ಲ. ಆದರೆ ಶುಲ್ಕ ಪಡೆದು, ಟೋಕನ್ ಕೊಟ್ಟು, ಟೋಕನ್ ವಾಪಸ್ ಕೊಡದೆ ಗಾಡಿ ಹೊರಗೆ ಬಿಡುವುದಿಲ್ಲ ಎಂಬ ಪದ್ಧತಿ ಇಟ್ಟುಕೊಂಡಷ್ಟೂ ‘ನಮಗೆ ಸಂಬಂಧವಿಲ್ಲ’ ಎನ್ನುವುದು ಕಷ್ಟವಾಗುತ್ತದೆ. ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು: ಕಳವಿನ ವಿಮೆ ಹಣ ಕೇಳುವಾಗ ಕಂಪನಿ ಎಫ್‌ಐಆರ್ ಜೊತೆ ಎರಡೂ ಕೀ ಕೇಳುತ್ತದೆ. ಎರಡನೇ ಕೀಯನ್ನು ಸೀಟಿನ ಕೆಳಗೆ ಇಟ್ಟು ಓಡಾಡಬೇಡಿ. ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ಕಳವಿಗೆ ಏನೂ ಬರುವುದಿಲ್ಲ.

ಗೇಟಿನ ಹೊರಗೆ

ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ತಂಡ ಬರುವ ವರ್ಷ ಎಷ್ಟೋ ಕಾಲೇಜುಗಳಲ್ಲಿ ಇದ್ದಕ್ಕಿದ್ದಂತೆ ಗಾಡಿಗಳಿಗೆ ನಿಷೇಧ ಬೀಳುತ್ತದೆ. ಅದರ ಮೌಲ್ಯಮಾಪನದ ಮಾನದಂಡದಲ್ಲಿ ಹಸಿರು ಕ್ಯಾಂಪಸ್ ಎಂದರೆ ವಾಹನ ಪ್ರವೇಶಕ್ಕೆ ನಿರ್ಬಂಧ, ಸೈಕಲ್ ಮತ್ತು ಬ್ಯಾಟರಿ ವಾಹನ ಬಳಕೆ, ಪಾದಚಾರಿ ದಾರಿ ಎಂದೆಲ್ಲ ಇದೆ. ಆಶಯ ಒಳ್ಳೆಯದೇ. ಮೊದಲನೆಯದನ್ನು ಮಾತ್ರ ಜಾರಿ ಮಾಡಿ ಉಳಿದೆರಡನ್ನು ಬಿಟ್ಟರೆ ಗಾಡಿಗಳು ಕರಗುವುದಿಲ್ಲ, ಎದುರಿನ ಮನೆಗಳ ಗೇಟಿಗೆ ಅಡ್ಡ ನಿಲ್ಲುತ್ತವೆ. ಮದ್ರಾಸ್ ಐಐಟಿಯಲ್ಲಿ ವಿದ್ಯಾರ್ಥಿಗಳಿಗೆ ಮೋಟಾರು ಗಾಡಿ ಇಲ್ಲವೆನ್ನಲು ಸಾಧ್ಯವಾಗಿದ್ದು ಅವರಲ್ಲಿ ಹೆಚ್ಚಿನವರು ಒಳಗಿನ ಹಾಸ್ಟೆಲ್ಲಿನಲ್ಲಿರುವುದರಿಂದ, ಒಳಗೆ ಬಸ್ಸು ಓಡುವುದರಿಂದ. ದಿನವೂ ಮನೆಯಿಂದ ಬರುವ ವಿದ್ಯಾರ್ಥಿಗಳ ಕಾಲೇಜು ಅದನ್ನು ನಕಲು ಮಾಡಲು ಹೋಗಬಾರದು.

ದೊಡ್ಡ ವಿಶ್ವವಿದ್ಯಾಲಯಗಳ ಸಂಕಟ ಇನ್ನೊಂದು ಬಗೆಯದು. ಬೆಂಗಳೂರು ವಿಶ್ವವಿದ್ಯಾಲಯದ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣದಲ್ಲಿ ನಿಲ್ಲಿಸಲು ಜಾಗದ ಬರವಿಲ್ಲ. ಒಳಗಿನ ರಸ್ತೆಗಳನ್ನು ಊರಿನವರು ಒಳದಾರಿಯಾಗಿ ಬಳಸುವುದು ಅಲ್ಲಿನ ಕಷ್ಟ. 2022ರ ಅಕ್ಟೋಬರಿನಲ್ಲಿ ಆವರಣದೊಳಗೆ ಬಸ್ಸಿನಡಿ ಸಿಲುಕಿದ ಸ್ನಾತಕೋತ್ತರ ವಿದ್ಯಾರ್ಥಿನಿ ತೀರಿಕೊಂಡಾಗ ವಿದ್ಯಾರ್ಥಿಗಳು ಹೊರಗಿನ ವಾಹನ ನಿಲ್ಲಿಸಿ ಎಂದು ಬೀದಿಗಿಳಿದರು. ಅಲ್ಲಿ ಸ್ಟಿಕ್ಕರ್ ಮಾಡಬೇಕಾದ ಕೆಲಸವೇ ಬೇರೆ: ಜಾಗ ಹಂಚುವುದಲ್ಲ, ಒಳಗೆ ಕೆಲಸ ಇರುವವರನ್ನೂ ಹಾದುಹೋಗುವವರನ್ನೂ ಬೇರ್ಪಡಿಸುವುದು. ಎರಡು ಗೇಟಿನಲ್ಲೂ ಒಂದೇ ಪಟ್ಟಿ ಇರಬೇಕು, ಹೊರಗಿನವರಿಗೆ ಸಮಯ ಬರೆದ ಚೀಟಿ ಕೊಡಬೇಕು, ಒಂದು ಗೇಟಿನಲ್ಲಿ ಬಂದು ಐದೇ ನಿಮಿಷದಲ್ಲಿ ಇನ್ನೊಂದರಲ್ಲಿ ಹೊರಟವರು ಯಾರೆಂದು ಆಗ ಗೊತ್ತಾಗುತ್ತದೆ.

ಕೊನೆಯದಾಗಿ, ಮೂರು ದಿನದ ಎಣಿಕೆಯಲ್ಲಿ ಅಲ್ಲಾಡದೆ ನಿಂತಿದ್ದ ಗಾಡಿಗಳು. ಪ್ರತಿ ಹಳೆಯ ಕಾಲೇಜಿನ ಶೆಡ್ಡಿನ ಮೂಲೆಯಲ್ಲೂ ಟೈರು ನೆಲಕ್ಕಂಟಿ, ಸೀಟಿನ ಮೇಲೆ ಎಲೆ ಕೊಳೆತು, ಎಂದೋ ಪಾಸಾಗಿ ಹೋದವರ ಹಳೇ ಬಣ್ಣದ ಸ್ಟಿಕ್ಕರ್ ಹೊತ್ತ ನಾಲ್ಕಾರು ಬೈಕುಗಳಿರುತ್ತವೆ. ಇವನ್ನು ಗುಜರಿಗೆ ಮಾರುವ ಹಕ್ಕು ಕಾಲೇಜಿಗಿಲ್ಲ. ಮೊದಲು ನಂಬರ್ ಮತ್ತು ಚಾಸಿ ಸಂಖ್ಯೆ ಬರೆದು, ಹಳೆಯ ವಹಿಯಲ್ಲಿ ಹೆಸರು ಹುಡುಕಿ, ಆರ್‌ಸಿ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಮೂವತ್ತು ದಿನದ ನೋಟಿಸ್ ಕಳಿಸಬೇಕು. ಗಾಡಿಯ ಮೇಲೂ ಅದರ ಪ್ರತಿ ಅಂಟಿಸಬೇಕು. ಉತ್ತರ ಬಾರದಿದ್ದರೆ ಪಟ್ಟಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಅವುಗಳಲ್ಲೊಂದು ಎಲ್ಲೋ ಕಳುವಾಗಿ, ಅದರ ಮಾಲೀಕರು ಇನ್ನೂ ಹುಡುಕುತ್ತಿರುವ ಗಾಡಿಯಾಗಿರಬಹುದು. ಮೇ ರಜೆಯಲ್ಲಿ ಶುರು ಮಾಡಿದರೆ ಹೊಸ ಸಾಲಿನ ಸ್ಟಿಕ್ಕರ್ ಅಚ್ಚಿಗೆ ಹೋಗುವಷ್ಟರಲ್ಲಿ ಆ ಮೂಲೆ ತೆರವಾಗುತ್ತದೆ, ಕಾಯುವ ಪಟ್ಟಿಯ ಮೊದಲ ನಾಲ್ಕಾರು ಹೆಸರುಗಳಿಗೆ ಜಾಗ ಸಿಗುತ್ತದೆ.